ಮಿದುಳಿನ ದೂತರು

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಹುಡುಗನೊಬ್ಬ ಎಚ್ಚರ ತಪ್ಪಿ ಬಿದ್ದು ಕೈಕಾಲು ಬಡಿಯತೊಡಗಿದ. ಒಬ್ಬರು ಕಬ್ಬಿಣದ ಬೀಗದ ಕೈ ತರಲು ಓಡಿದರು. ಇನ್ನೊಬ್ಬರು ಗಾಳಿ ಸೋಕಿದೆ ಎಂದರು. ಮರುದಿನ ಅವನ ಬೆಂಚಿನಲ್ಲಿ ಕುಳಿತುಕೊಳ್ಳಲು ಯಾರೂ ಒಪ್ಪಲಿಲ್ಲ. ಅವನ ಬಾಡಿದ ಮುಖವೇ ಈ ಲೇಖನಕ್ಕೆ ಕಾರಣ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಕೋಶದೊಳಗೆ ಸುದ್ದಿ ಹರಿಯುವುದು ವಿದ್ಯುತ್ತಿನ ರೂಪದಲ್ಲಿ. ಆದರೆ ಕೋಶ ಕೋಶಗಳ ನಡುವೆ ಅತಿ ಸಣ್ಣ ಅಂತರವಿದೆ. ಹೊಳೆಯನ್ನು ದಾಟಿಸುವ ದೋಣಿಗಳಂತೆ ಅಲ್ಲಿ ಸುದ್ದಿಯನ್ನು ಒಯ್ಯುವವು ಹೆಚ್ಚಾಗಿ ರಾಸಾಯನಿಕ ವಸ್ತುಗಳು. ನರಗಳು ಹೀಗೆ ಸುದ್ದಿ ಕಳಿಸುವುದನ್ನು ಆಟೋ ಲೋವಿ ಎಂಬ ವಿಜ್ಞಾನಿ 1921ರಲ್ಲಿ ತೋರಿಸಿದರು. ಒಂದು ಕಪ್ಪೆಯ ಹೃದಯದ ನರವನ್ನು ಪ್ರಚೋದಿಸಿ, ಬಡಿತ ನಿಧಾನವಾದಾಗ ಅದರೊಳಗಿನ ದ್ರವವನ್ನು ಮತ್ತೊಂದು ಹೃದಯಕ್ಕೆ ಹಾಕಿದರು. ಅದರ ಬಡಿತವೂ ನಿಧಾನವಾಯಿತು!

ಮಿದುಳಿನ ದೂತರಲ್ಲಿ ಇಬ್ಬರು ಮುಖ್ಯರು. ಗ್ಲುಟಮೇಟ್ ಮುಂದಿನ ಕೋಶಕ್ಕೆ ‘ಏಳು’ ಎನ್ನುತ್ತದೆ. ಗಾಬಾ ‘ಸುಮ್ಮನಿರು’ ಎನ್ನುತ್ತದೆ. ನೀವು ಪದ್ಯವನ್ನು ಮತ್ತೆ ಮತ್ತೆ ಹೇಳಿಕೊಂಡಾಗ ಗ್ಲುಟಮೇಟ್ ಅದೇ ಕೋಶಗಳ ನಡುವೆ ಮತ್ತೆ ಮತ್ತೆ ದಾಟುತ್ತದೆ. ತುಳಿದಷ್ಟೂ ಕಾಲುದಾರಿ ಸ್ಪಷ್ಟವಾಗುವಂತೆ ಆ ಸಂಬಂಧ ಬಲಗೊಳ್ಳುತ್ತದೆ. ನೆನಪು ನಿಲ್ಲುವುದು ಹೀಗೆ.

ಇವೆರಡರ ಸಮತೋಲ ತಪ್ಪಿದರೆ? ಅಸಂಖ್ಯ ಕೋಶಗಳು ಏಕಕಾಲಕ್ಕೆ ಕೂಗೆದ್ದಂತಾಗಿ ಮೂರ್ಛೆ ಬರುತ್ತದೆ. ನೆನಪಿಗೂ ಇದಕ್ಕೂ ನಂಟಿದೆ. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ತೀವ್ರ ಮೂರ್ಛೆರೋಗವಿತ್ತು. 1953ರಲ್ಲಿ ವೈದ್ಯರು ಅವನ ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಹ್ವಂಶವನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಸಂಗತಿಗಳು ಅವನ ನೆನಪಿನಲ್ಲಿ ನಿಲ್ಲಲಿಲ್ಲ. ನೆನಪನ್ನು ಕಟ್ಟುವ ಆ ಭಾಗವೇ ಎಷ್ಟೋ ಜನರಲ್ಲಿ ಮೂರ್ಛೆಯ ಮೂಲವೂ ಆಗಿರುತ್ತದೆ.

ಆದುದರಿಂದ ಮಕ್ಕಳೇ, ಇದು ಗಾಳಿಯ ಕಾಟವಲ್ಲ, ಅಂಟುರೋಗವೂ ಅಲ್ಲ. ಸಾಮಾನ್ಯವಾಗಿ ಮೂರ್ಛೆ ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೀರ್ತಿ ಮಾತ್ರ ಬೀಗದ ಕೈಗೆ! ಗಾಬಾಕ್ಕೆ ಬಲ ಕೊಡುವ, ಕೋಶಗಳ ಆರ್ಭಟ ತಗ್ಗಿಸುವ ಮಾತ್ರೆಗಳಿವೆ. ತಪ್ಪದೆ ಸೇವಿಸಿದರೆ ಹತ್ತರಲ್ಲಿ ಸುಮಾರು ಏಳು ಮಂದಿ ಮೂರ್ಛೆಯಿಲ್ಲದೆ ಬಾಳಬಹುದು. ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬಾರದು.

ಯಾರಾದರೂ ಹೀಗೆ ಬಿದ್ದರೆ ತಲೆಯಡಿಗೆ ಮೆತ್ತನೆಯದನ್ನು ಇಡಿರಿ. ಒಂದು ಮಗ್ಗುಲಿಗೆ ಹೊರಳಿಸಿರಿ. ಬಾಯಿಗೆ ಏನನ್ನೂ ತುರುಕಬೇಡಿರಿ, ಕೈಕಾಲು ಅದುಮಿ ಹಿಡಿಯಬೇಡಿರಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಮರುದಿನ ಅವನ ಪಕ್ಕದಲ್ಲಿಯೇ ಹೋಗಿ ಕುಳಿತುಕೊಳ್ಳಿರಿ.