ಕುಳಿತವರು ಯಾರು, ಕೆಲಸ ಯಾರ ಹೆಸರಲ್ಲಿ?

ದೊಡ್ಡಬಳ್ಳಾಪುರದಲ್ಲಿ ನಮ್ಮ ಮಾಮೂ ಅವರಿಗೆ ಚಿಕ್ಕ ನೂಲಿನ ಅಂಗಡಿ ಇದೆ. ಕಳೆದ ರಜೆಯಲ್ಲಿ ಅಲ್ಲಿ ಕಂಪ್ಯೂಟರಿಗೆ ಬಿಲ್ ಏರಿಸುವ ಕೆಲಸ ನನ್ನದಾಗಿತ್ತು. ನನ್ನ ಲಾಗಿನ್‌ನಲ್ಲಿ ಬಿಲ್ ಸೇರಿಸಬಹುದು, ಅಳಿಸಲು ಆಗುವುದಿಲ್ಲ. ಒಂದು ದಿನ ಯಾವುದೋ ತಪ್ಪು ಬಿಲ್ ತೆಗೆಯಲು ಮಾಮೂ ತಮ್ಮ ಪಾಸ್‌ವರ್ಡ್ ಹಾಕಿದರು, ಕೆಲಸ ಮುಗಿಸಿ ಹಾಗೇ ಝೊಹರ್ ನಮಾಝ್‌ಗೆ ಹೋದರು. ಲಾಗೌಟ್ ಮಾಡಲಿಲ್ಲ, ನಾನೂ ನೋಡಲಿಲ್ಲ. ಅರ್ಧ ಗಂಟೆಯೊಳಗೆ ಮಗ್ಗದವರೊಬ್ಬರ ಬಾಕಿ ಬಿಲ್ ನನ್ನ ಕೈಯಿಂದ ಅಳಿಸಿಹೋಯಿತು. ಕಾಗದದ ಬಿಲ್‌ಬುಕ್ ಇದ್ದದ್ದಕ್ಕೆ ಬಚಾವಾದೆ. ಕುಳಿತಿದ್ದವಳು ನಾನು. ಕಂಪ್ಯೂಟರ್ ಪ್ರಕಾರ ಅಳಿಸಿದವರು ಮಾಮೂ!

ಲ್ಯಾಬಿನಲ್ಲಿ ಇದನ್ನು ಹೇಳಿದಾಗ ನಮ್ಮ ಕಂಪ್ಯೂಟರ್ ಸೈನ್ಸ್ ಮೇಡಂ ನಕ್ಕು, ಲಿನಕ್ಸ್ ಕರ್ನಲ್‌ಗೂ ಇದೇ ತಲೆನೋವು ಎಂದರು. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಓಡುತ್ತಿರುವ ಪ್ರತಿ ಪ್ರೋಗ್ರಾಮ್‌ಗೂ, ಅಂದರೆ ಪ್ರೋಸೆಸ್‌ಗೂ, ಅದು ಒಂದು ಗುರುತಿನ ಚೀಟಿ ಇಟ್ಟಿರುತ್ತದೆ. ಇದೇ ಕ್ರೆಡೆನ್ಶಿಯಲ್. ಅದರಲ್ಲಿ ರಿಯಲ್ ಯುಐಡಿ ಎಂಬ ಸಂಖ್ಯೆ, ಪ್ರೋಗ್ರಾಮನ್ನು ಶುರು ಮಾಡಿದವರು ಯಾರು ಎಂದು ಹೇಳುತ್ತದೆ. ಎಫೆಕ್ಟಿವ್ ಯುಐಡಿ, ಈಗ ಯಾರ ಅಧಿಕಾರ ನಡೆಯುತ್ತಿದೆ ಎಂದು ಹೇಳುತ್ತದೆ. ಲಿನಕ್ಸ್‌ನಲ್ಲಿ ನಾವು ಪಾಸ್‌ವರ್ಡ್ ಬದಲಿಸುವಾಗ ಮೊದಲನೆಯದು ನಮ್ಮ ಸಂಖ್ಯೆ, ಎರಡನೆಯದು 0. ಸೊನ್ನೆ ಎಂದರೆ ಯಜಮಾನ, ಅಂದರೆ ರೂಟ್.

ಈ ಚೀಟಿಯನ್ನು ಬದಲಿಸುವ ಕ್ರಮ ನಮ್ಮಂಥ ಕಾಮರ್ಸ್‌ನವರಿಗೆ ಬೇಗ ಅರ್ಥವಾಗುತ್ತದೆ. ಜರ್ನಲ್‌ನಲ್ಲಿ ಹಳೆಯ ನಮೂದನ್ನು ಗೀಚಿ ತಿದ್ದುವುದಿಲ್ಲ, ಹೊಸ ನಮೂದು ಹಾಕುತ್ತೇವೆ. 2009ರಲ್ಲಿ ಬಂದ 2.6.29 ಆವೃತ್ತಿಯಿಂದ ಲಿನಕ್ಸ್‌ನಲ್ಲೂ ಹಾಗೇ. ಆ ಬದಲಾವಣೆ ಬರೆದವರು ಡೇವಿಡ್ ಹೋವೆಲ್ಸ್. 'ಪ್ರಿಪೇರ್ ಕ್ರೆಡ್ಸ್' ಚೀಟಿಯ ನಕಲು ತೆಗೆಯುತ್ತದೆ. ತಿದ್ದುವುದೆಲ್ಲ ನಕಲಿನಲ್ಲೇ. ಸರಿಯಿದ್ದರೆ 'ಕಮಿಟ್ ಕ್ರೆಡ್ಸ್' ಒಂದೇ ಸಲಕ್ಕೆ ಹೊಸದನ್ನು ಜಾರಿಗೆ ತರುತ್ತದೆ, ಇಲ್ಲದಿದ್ದರೆ 'ಅಬಾರ್ಟ್ ಕ್ರೆಡ್ಸ್' ನಕಲನ್ನು ಬಿಸಾಡುತ್ತದೆ. ಹಳೆಯದರ ಮೇಲೆಯೇ ತಿದ್ದುತ್ತಾ ಹೋದರೆ, ನಡುವೆ ಇಣುಕಿದವರಿಗೆ ಹೊಸ ಹೆಸರು, ಹಳೆಯ ಅಧಿಕಾರ ಎರಡೂ ಒಟ್ಟಿಗೆ ಕಾಣಬಹುದು. ಇನ್ನೊಂದು ನಿಯಮವೂ ಇದೆ: ಪ್ರೋಸೆಸ್ ತನ್ನ ಚೀಟಿಯನ್ನು ಮಾತ್ರ ಬದಲಿಸಬಹುದು, ಬೇರೆಯವರದನ್ನಲ್ಲ.

ಹಳೆಯ ಚೀಟಿಯನ್ನು ತಕ್ಷಣ ಹರಿಯುವಂತಿಲ್ಲ. ಎಷ್ಟು ಜನ ಅದನ್ನು ಹಿಡಿದಿದ್ದಾರೆ ಎಂಬ ಲೆಕ್ಕ ಇರುತ್ತದೆ, ಕೊನೆಯವರು ಬಿಟ್ಟ ಮೇಲೆಯೇ ಅದು ಹೋಗಬೇಕು. ಲೆಕ್ಕ ತಪ್ಪಿ ಮೊದಲೇ ಹೋದರೆ ಆ ಜಾಗಕ್ಕೆ ರೂಟ್‌ನ ಚೀಟಿ ಬಂದು ಕೂರಬಹುದು. 2022ರಲ್ಲಿ ಸಂಶೋಧಕರು ಈ ಅದಲುಬದಲನ್ನು ಮಾಡಿ ತೋರಿಸಿ 'ಡರ್ಟಿಕ್ರೆಡ್' ಎಂದು ಹೆಸರಿಟ್ಟರು.

ಮಾಮೂ ಅಂಗಡಿಯ ಕಥೆಗೆ ಇನ್ನೂ ಹತ್ತಿರದ್ದು 2010ರಲ್ಲಿ ಆಂಡ್ರಾಯ್ಡ್ ಫೋನ್‌ಗಳಲ್ಲಿ ನಡೆಯಿತು. ಎಡಿಬಿ ಎಂಬ ಪ್ರೋಗ್ರಾಮ್ ರೂಟ್ ಆಗಿ ಶುರುವಾಗಿ, ಆಮೇಲೆ ಅಧಿಕಾರ ಬಿಟ್ಟುಕೊಡಬೇಕಿತ್ತು. ಆ ಬಳಕೆದಾರರ ಹೆಸರಲ್ಲಿ ಆಗಲೇ ಮಿತಿಯಷ್ಟು ಪ್ರೋಸೆಸ್‌ಗಳು ಓಡುತ್ತಿದ್ದರೆ 'ಬಿಟ್ಟೆ' ಎನ್ನುವ ಆದೇಶವೇ ಸೋಲುತ್ತಿತ್ತು. ಸೋತಿತೇ ಎಂದು ಎಡಿಬಿ ನೋಡುತ್ತಿರಲಿಲ್ಲ, ರೂಟ್ ಆಗಿಯೇ ಮುಂದುವರಿಯುತ್ತಿತ್ತು. ಬೇಕೆಂದೇ ಪ್ರೋಸೆಸ್‌ಗಳನ್ನು ತುಂಬಿಸಿ ಫೋನನ್ನು ವಶಕ್ಕೆ ತೆಗೆದುಕೊಂಡವರಿದ್ದರು.

ಈಗ ಮಾಮೂ ಕುರ್ಚಿಯಿಂದ ಎದ್ದರೆ ನಾನು ಮೊದಲು ನೋಡುವುದು ಪರದೆಯ ಮೂಲೆಯಲ್ಲಿ ಯಾರ ಹೆಸರಿದೆ ಎಂದು. "ನನ್ನ ಮೇಲೇ ಅನುಮಾನವಾ?" ಎಂದು ಅವರು ರೇಗಿಸುತ್ತಾರೆ.