ನೆಡುವ ದಿನ, ಮೊಳೆಯುವ ದಿನ
ಉದಕಮಂಡಲದಲ್ಲಿ ವರ್ಷಾರಂಭದ ಚಳಿಯಲ್ಲಿ ಆಲೂಗಡ್ಡೆ ನೆಡುವವನು ಇಕ್ಕಟ್ಟಿನಲ್ಲಿರುತ್ತಾನೆ. ನೀರಿರುವುದು ಕಣಿವೆಯ ತಗ್ಗಿನಲ್ಲಿ. ಹಿಮ ಬಂದು ಕೂಡುವುದೂ ಅಲ್ಲಿಯೇ. ಸುಮಾರು 2,240 ಮೀಟರ್ ಎತ್ತರದ ಆ ಊರಿನಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ, ಮೋಡವೂ ಗಾಳಿಯೂ ಇಲ್ಲದ ಇರುಳಿನಲ್ಲಿ, ನೆಲವು ತನ್ನ ಶಾಖವನ್ನು ಆಕಾಶಕ್ಕೆ ತೆತ್ತು ತಣ್ಣಗಾಗುತ್ತದೆ. ಅದರ ಮೇಲಣ ತಂಪುಗಾಳಿ ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಕೆಳಗಣ ಗಿಡ ಕಮರಿ, ದಿಣ್ಣೆಯ ಗಿಡ ಹಸುರಾಗಿಯೇ ನಿಂತಿರುವುದುಂಟು. ಉಷ್ಣಮಾಪಕವನ್ನು ನಂಬಿ ಮಲಗುವಂತಿಲ್ಲ. ಅದು ಹೇಳುವುದು ಎದೆಯೆತ್ತರದ ಗಾಳಿಯ ಸುದ್ದಿ. ಅಲ್ಲಿ ಎರಡು ಡಿಗ್ರಿ ಇರುವಾಗಲೇ ಎಲೆಯ ಮೈ ಸೊನ್ನೆಗಿಂತ ಕೆಳಗಿಳಿದಿರಬಹುದು. ಆದರೆ ಮಣ್ಣಿನೊಳಗಿನ ಗೆಡ್ಡೆಗೆ ಈ ಭಯ ಕಡಿಮೆ. ಅದು ಮೊಳೆತು ಮೇಲೆ ಬರಲು ಮೂರು ನಾಲ್ಕು ವಾರ ಬೇಕು. ಆದುದರಿಂದ ಬಲ್ಲವನು ಕಡೆಯ ಹಿಮ ಬೀಳುವ ಕಾಲದಿಂದ ಅಷ್ಟು ವಾರ ಹಿಂದಕ್ಕೆಣಿಸಿ ನೆಡುತ್ತಾನೆ. ಅವಸರದ ಚಿಗುರೇನಾದರೂ ಕಂಡಿತೋ, ಸಂಜೆಗೇ ಒಣಹುಲ್ಲು ಹೊದಿಸುತ್ತಾನೆ.