ಅಮೆರಿಕದ ಮಧ್ಯಮವರ್ಗ: ಯಂಗ್ಸ್‌ಟೌನಿನ ನಿದರ್ಶನ

ಮಧ್ಯಮವರ್ಗವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಗುಮಾಸ್ತರೋ ಶಿಕ್ಷಕರೋ ನೆನಪಾಗುವುದು ಸಹಜ. ಎರಡನೆಯ ಮಹಾಯುದ್ಧಾನಂತರದ ಅಮೆರಿಕದಲ್ಲಿ ಉಕ್ಕಿನ ಕಾರ್ಖಾನೆಯ ಕಾರ್ಮಿಕನೂ ಆ ವರ್ಗದವನೇ. ಕಾರ್ಮಿಕ ಸಂಘದ ಬಲದಿಂದ ದೊರೆತ ವೇತನದಲ್ಲಿ ಅವನು ಮನೆ, ಕಾರು ಕೊಳ್ಳಬಲ್ಲವನಾಗಿದ್ದನು. ಈ ವ್ಯತ್ಯಾಸವನ್ನು ಮೊದಲೇ ತಿಳಿಸದಿದ್ದರೆ ಮುಂದಿನದು ಅರ್ಥವಾಗದು.

ಒಹಾಯೊ ರಾಜ್ಯದ ಯಂಗ್ಸ್‌ಟೌನ್ ಬಳಿಯ ದೊಡ್ಡ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದಾಗಿ 1977ರ ಸೆಪ್ಟೆಂಬರ್ 19ರಂದು ಪ್ರಕಟವಾಯಿತು. ಸುಮಾರು 5,000 ಮಂದಿ ಉದ್ಯೋಗ ಕಳೆದುಕೊಂಡರು. ಊರಿನವರು ಆ ದಿನವನ್ನು ಇಂದಿಗೂ ‘ಕರಾಳ ಸೋಮವಾರ’ವೆನ್ನುತ್ತಾರೆ. ಹೋದುದು ವೇತನವೊಂದೇ ಅಲ್ಲ. ಅಲ್ಲಿ ದುಡಿಯುವ ವಯಸ್ಸಿನ ಹೆಚ್ಚಿನವರಿಗೆ ಆರೋಗ್ಯವಿಮೆ ದೊರೆಯುವುದು ಉದ್ಯೋಗದ ಮೂಲಕವೇ. ಕೆಲಸ ಹೋದ ಮನೆಗೆ ಕಾಯಿಲೆ ಬಂದರೆ ಸಾಲವೂ ಬಂದಂತೆಯೇ.

ದೇಶದಲ್ಲಿ ತಯಾರಿಕಾ ಉದ್ಯೋಗಗಳು 1979ರಲ್ಲಿ 1.9 ಕೋಟಿಯನ್ನು ಮೀರಿದ್ದವು, 2010ರಲ್ಲಿ 1.2 ಕೋಟಿಗಿಂತ ಕೆಳಗಿಳಿದವು. ಯಂತ್ರಗಳು, ಆಮದು ಎರಡೂ ಇದಕ್ಕೆ ಕಾರಣ. ಆದರೆ ಯಂತ್ರವನ್ನು ದೂಷಿಸಿ ಮತ ಕೇಳುವುದು ಕಷ್ಟ. ಒಂದು ಪಾಳೆಯ ವಿದೇಶಿ ಸರಕನ್ನೂ ವಲಸಿಗರನ್ನೂ ಬೊಟ್ಟುಮಾಡಿತು. ಇನ್ನೊಂದು, ದೊಡ್ಡ ಕಂಪನಿಗಳನ್ನೂ ಸಿರಿವಂತರ ತೆರಿಗೆ ವಿನಾಯಿತಿಯನ್ನೂ.

ಯಂಗ್ಸ್‌ಟೌನ್ ಇರುವ ಮಹೋನಿಂಗ್ ಕೌಂಟಿಯು 1976ರಿಂದ 2016ರವರೆಗಿನ ಪ್ರತಿ ಅಧ್ಯಕ್ಷೀಯ ಚುನಾವಣೆಯಲ್ಲಿಯೂ ಡೆಮಾಕ್ರಟಿಕ್ ಪಕ್ಷಕ್ಕೇ ಹೆಚ್ಚು ಮತ ನೀಡಿತ್ತು. 2020ರಲ್ಲಿ ಅದು ರಿಪಬ್ಲಿಕನ್ ಪಕ್ಷದ ಟ್ರಂಪ್ ಕಡೆಗೆ ವಾಲಿತು. ಅದೇ ವರ್ಷಗಳಲ್ಲಿ ಪದವೀಧರರು ಹೆಚ್ಚಿರುವ ಅನೇಕ ಉಪನಗರಗಳು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿದವು.